ಹೊಳೆದಂಡೆಯ ಹಸಿರು ಹಾದಿ ನಡೆಯುವವರಿಗೆ ಮಾತ್ರವೇ?



ಕಳೆದ ತಿಂಗಳು ಒಂದು ಭಾನುವಾರ ಪೂಜೆ ಮುಗಿದ ಮೇಲೆ ದೇವಾಲಯದ ಜಗಲಿಯಲ್ಲಿ ಒಂದು ಚರ್ಚೆ ನಡೆಯಿತು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮ ಧರ್ಮಕೇಂದ್ರದ ಯುವಕನೊಬ್ಬ ರಜೆಗೆ ಬಂದಿದ್ದ. ಅಲ್ಲಿ ರಾಜಕಾಲುವೆಯೊಂದರ ದಡವನ್ನು ಚೊಕ್ಕಟ ಮಾಡಿ, ಗಿಡ ನೆಟ್ಟು, ಜನ ನಡೆದಾಡಲು ಹಾದಿ ಮಾಡಿದ್ದಾರಂತೆ. ನಮ್ಮ ಪಿನಾಕಿನಿಯ ದಡದಲ್ಲಿಯೂ ಹಾಗೆ ಮಾಡಿದರೆ ಹಿಂದೂಪುರದವರಿಗೆ ಸಂಜೆ ಹೊತ್ತು ಹೋಗಿಬರಲು ಒಂದು ಜಾಗವಾದೀತು ಎಂದು ಅವನ ಮಾತು. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ನಕ್ಕರು. "ಬೆಳಗಿಂದ ಸಂಜೆ ತನಕ ಹೊಲದಲ್ಲಿ ನಡೆಯೋದು ಸಾಲದು ಅಂತ ಹೊಳೆ ದಂಡೇಲಿ ಬೇರೆ ನಡೀಬೇಕೇನಪ್ಪ? ಮೊದಲು ನಡೆಯೋಕೆ ಬರ್ತಾರೆ. ಆಮೇಲೆ ನಮ್ಮ ದಂಡೆ ಹೊಲ ಯಾರದಾಗುತ್ತೆ, ಅದನ್ನ ಹೇಳು." ಹುಡುಗ "ಹಾಗಲ್ಲ ದೊಡ್ಡಪ್ಪ" ಎಂದು ಏನೋ ಹೇಳಹೊರಟ, ಅಷ್ಟರಲ್ಲಿ ಎಲ್ಲರೂ ನಮ್ಮ ಕಡೆ ತಿರುಗಿ, "ನೀವೇ ಹೇಳಿ ಫಾದರ್" ಎಂದರು.

ಅಂದು ನಾವು ಥಟ್ಟನೆ ಉತ್ತರ ಕೊಡಲಿಲ್ಲ. ಹುಡುಗನ ಆಸೆಯೂ ಸರಿ, ಹಿರಿಯರ ಅಂಜಿಕೆಯೂ ಸರಿ ಎಂದು ತೋರಿತ್ತು. ಈ ತಿಂಗಳ ಅಂಕಣದಲ್ಲಿ ಅದನ್ನೇ ವಿಚಾರ ಮಾಡೋಣ.

ಇಂಗ್ಲಿಷಿನಲ್ಲಿ ಇಂಥ ಹಾದಿಗೆ ಗ್ರೀನ್‌ವೇ ಎನ್ನುತ್ತಾರೆ. ನಾವು ಹಸಿರು ಹಾದಿ ಎಂದರೆ ಸಾಕು. ನದಿಯ ಉದ್ದಕ್ಕೂ ದಡದ ಒಂದು ಪಟ್ಟಿಯನ್ನು ಕಟ್ಟಡಕ್ಕೂ ಕಸಕ್ಕೂ ಬಿಡದೆ ಹುಲ್ಲು, ಪೊದೆ, ಮರಗಳಿಗೆ ಮೀಸಲಿಡುವುದು. ಅದರೊಳಗೆ ಕಾಲ್ನಡಿಗೆಯವರಿಗೂ ಸೈಕಲ್ಲಿನವರಿಗೂ ಒಂದು ದಾರಿ ಬಿಡುವುದು. ಇಷ್ಟೇ ಅದರ ಅರ್ಥ. ನೋಡುವವರ ಕಣ್ಣಿಗೆ ಮೊದಲು ಬೀಳುವುದು ದಾರಿ. ಆದರೆ ಅದರಲ್ಲಿ ಮೂರು ಸಂಗತಿಗಳಿವೆ. ಮೊದಲನೆಯದು ಹೊಳೆಯ ಪಾತ್ರ ಮತ್ತು ಅದರ ಮರಳು. ಎರಡನೆಯದು ದಡದ ಹಸಿರು. ದಾರಿ ಮೂರನೆಯದು. ಮೊದಲ ಎರಡು ಇಲ್ಲದೆ ಮೂರನೆಯದನ್ನು ಮಾತ್ರ ಮಾಡಿದರೆ ಅದು ಹೊಳೆಯ ಪಕ್ಕದಲ್ಲಿ ಹಾದುಹೋಗುವ ಇನ್ನೊಂದು ರಸ್ತೆ, ಅಷ್ಟೇ.

ಇದು ನಮ್ಮ ಸ್ವಂತ ಕಲ್ಪನೆಯಲ್ಲ. ಅಮೆರಿಕದ ಬಾಸ್ಟನ್ ನಗರದಲ್ಲಿ ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ ಎಂಬ ಉದ್ಯಾನ ಶಿಲ್ಪಿ 1878ರಲ್ಲಿ ಇಂತಹ ಹಸಿರು ಪಟ್ಟಿಯ ಕೆಲಸಕ್ಕೆ ಕೈಹಾಕಿದ. ಅಲ್ಲಿಯ ಮಡ್ಡಿ ಎಂಬ ಸಣ್ಣ ನದಿಗೆ ಊರ ಚರಂಡಿಯ ಹೊಲಸೆಲ್ಲ ಸೇರಿ ಜೌಗು ನಾರುತ್ತಿತ್ತು. ಆ ಹೊಲಸನ್ನೂ ಪ್ರವಾಹವನ್ನೂ ಹತೋಟಿಗೆ ತರುವುದೇ ಮೊದಲ ಉದ್ದೇಶವಾಗಿತ್ತು. ಆ ಉಪಾಯವೇ ಬೆಳೆದು ಜನರ ವಿಹಾರದ ಸ್ಥಳಗಳ ಮಾಲೆಯಾಯಿತು. ಈ ಅನುಕ್ರಮವನ್ನು ಮರೆತ ಕಡೆಗಳಲ್ಲಿ ಏನಾಯಿತೆಂಬುದನ್ನು ಮುಂದೆ ಹೇಳುತ್ತೇವೆ.

ಈಗ ನಮ್ಮ ಹೊಳೆಗಳಿಗೆ ಬರೋಣ. ಹಿಂದೂಪುರದವರಿಗೆ ಹೊಳೆ ಎಂದರೆ ಉತ್ತರ ಪಿನಾಕಿನಿ, ತೆಲುಗಿನಲ್ಲಿ ಪೆನ್ನಾ. ನಂದಿಬೆಟ್ಟದ ಸಾಲಿನ ಚೆನ್ನಕೇಶವ ಬೆಟ್ಟದಲ್ಲಿ ಹುಟ್ಟಿ, ಗೌರಿಬಿದನೂರು ದಾಟಿ ನಮ್ಮಲ್ಲಿಗೆ ಬರುತ್ತದೆ. ದೇವರಾಯನದುರ್ಗದಲ್ಲಿ ಹುಟ್ಟಿದ ಜಯಮಂಗಲಿ ನಮ್ಮ ಸೀಮೆಯಲ್ಲಿಯೇ ಇದನ್ನು ಕೂಡುತ್ತದೆ. ಅನಂತರ ಪಿನಾಕಿನಿ ಪಾವಗಡದ ಕಡೆ ಒಂದಷ್ಟು ದೂರ ಮತ್ತೆ ಕರ್ನಾಟಕವನ್ನು ಹೊಕ್ಕು, ಹಿಂದಿರುಗಿ, ಒಟ್ಟು 597 ಕಿ.ಮೀ. ಹರಿದು ನೆಲ್ಲೂರು ಜಿಲ್ಲೆಯಲ್ಲಿ ಸಮುದ್ರ ಸೇರುತ್ತದೆ. ಕಲ್ಯಾಣದುರ್ಗದ ಕಡೆಯವರಿಗೆ ವೇದಾವತಿ, ಅಂದರೆ ಹಗರಿ. ಬಾಬಾಬುಡನ್ ಗಿರಿಯಿಂದ ಇಳಿದು, ಹಿರಿಯೂರಿನ ಮಾರಿಕಣಿವೆಯಲ್ಲಿ ತಡೆದು ನಿಂತು, ಉಳಿದದ್ದು ನಮ್ಮ ಭೈರವಾನಿತಿಪ್ಪೆಯ ಅಣೆಕಟ್ಟೆಗೆ ಬರಬೇಕು. ಮಾರಿಕಣಿವೆ ಕಟ್ಟಿ ಮುಗಿದದ್ದು 1907ರಲ್ಲಿ. ಅದು ಕೋಡಿ ಬಿದ್ದದ್ದು 1933ರಲ್ಲೊಮ್ಮೆ, ಆಮೇಲೆ 2022ರಲ್ಲಿ. ನಡುವೆ 89 ವರ್ಷ! ನಮ್ಮ ಹೊಳೆಗಳ ಜಾತಕ ಇಷ್ಟರಲ್ಲಿಯೇ ಇದೆ. ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆ ಬೀಳುವ ಸೀಮೆ ನಮ್ಮದು. ಹೊಳೆ ಮೇಲೆ ಹರಿಯುವ ದಿನಗಳು ಕಡಿಮೆ. ಅದು ಬದುಕಿರುವುದು ಮರಳಿನ ಒಳಗೆ.

ನಮ್ಮ ಹಿರಿಯರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಪಿನಾಕಿನಿ, ಹಗರಿ, ಚಿತ್ರಾವತಿಗಳ ಪಾತ್ರದಲ್ಲಿ ಊಟೆ ಕಾಲುವೆ ತೆಗೆಯುತ್ತಿದ್ದರು. ಮರಳಿನಲ್ಲಿ ಓರೆಯಾಗಿ ತೋಡು ತೋಡಿ, ಒಸರುವ ನೀರನ್ನು ದಂಡೆಯ ಗದ್ದೆಗೆ ಹರಿಸುತ್ತಿದ್ದರು. ಮೋಟಾರಿಲ್ಲ, ಕರೆಂಟಿಲ್ಲ. ವರ್ಷಕ್ಕೊಮ್ಮೆ ಊರವರೆಲ್ಲ ಸೇರಿ ಹೂಳು ತೆಗೆದರಾಯಿತು. ಪಾವಗಡ, ಮಧುಗಿರಿ ಕಡೆಯ ತಲಪರಿಗೆಗಳೂ ಇದೇ ವಂಶದವು. ಎಪ್ಪತ್ತು ದಾಟಿದವರನ್ನು ಕೇಳಿ ನೋಡಿ. ಬೇಸಿಗೆಯಲ್ಲಿ ಹೊಳೆಯೊಳಗೆ ಮೊಣಕೈ ಆಳ ಕೆದಕಿ, ಚಿಪ್ಪಿನಲ್ಲಿ ನೀರು ಮೊಗೆದು ಕೊಡ ತುಂಬಿಸಿದ ನೆನಪು ಹೇಳುತ್ತಾರೆ.

ಆ ನೀರು ಎಲ್ಲಿ ಹೋಯಿತು? ಮಳೆ ಕಡಿಮೆಯಾಯಿತು ಎನ್ನುತ್ತೇವೆ. ಅದು ಅರ್ಧ ಉತ್ತರ. ಮೇಲ್ಗಡೆ ಕಟ್ಟೆಗಳಾದವು, ಕೊಳವೆ ಬಾವಿಗಳು ನೆಲದ ನೀರನ್ನು ಎಳೆದವು. ಇದರ ಜೊತೆಗೆ ನೀರನ್ನು ಹಿಡಿದಿಡುವ ಪಾತ್ರೆಯನ್ನೇ ನಾವು ಮಾರಿಬಿಟ್ಟೆವು. ಒಂದು ಲೆಕ್ಕ ಮಾಡಿ ನೋಡಿ. ಒಂದು ಕಿ.ಮೀ. ಉದ್ದ, 50 ಮೀಟರ್ ಅಗಲದ ಹೊಳೆಯಲ್ಲಿ ಒಂದು ಮೀಟರ್ ದಪ್ಪ ಮರಳಿದ್ದರೆ ಅದು 50,000 ಘನ ಮೀಟರ್. ದಪ್ಪ ಮರಳು ತುಂಬ ನೆನೆದಾಗ ಅದರ ಗಾತ್ರದ ಸುಮಾರು ಕಾಲು ಭಾಗದಷ್ಟು ನೀರನ್ನು ಬಿಟ್ಟುಕೊಡಬಲ್ಲದು. ಅಂದರೆ 12,500 ಘನ ಮೀಟರ್, ಒಂದೂಕಾಲು ಕೋಟಿ ಲೀಟರ್. ಬೇಸಿಗೆಯಲ್ಲಿ ಊರೂರಿಗೆ ಬರುವ 5,000 ಲೀಟರಿನ ಟ್ಯಾಂಕರುಗಳಲ್ಲಿ ತುಂಬಿದರೆ 2,500 ಟ್ಯಾಂಕರು. ಒಂದು ಟ್ರ್ಯಾಕ್ಟರ್ ಮರಳು, ಸುಮಾರು 100 ಘನ ಅಡಿ, ಹೋಯಿತೆಂದರೆ ಏಳುನೂರು ಲೀಟರ್ ನೀರಿನ ಜಾಗ ಹೋಯಿತು. ಒಂದು ಸಲಕ್ಕಲ್ಲ, ಹೊಳೆ ಬಂದ ಪ್ರತಿ ವರ್ಷಕ್ಕೂ.

ಇಲ್ಲಿ ನಾವೊಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ದೇವಾಲಯದ ಕಾಂಪೌಂಡ್ ಗೋಡೆ ಕಟ್ಟಿಸಿದಾಗ ಹನ್ನೆರಡು ಟ್ರ್ಯಾಕ್ಟರ್ ಮರಳು ತರಿಸಿದೆವು. ಯಾವ ಹೊಳೆಯದು, ಎಲ್ಲಿ ತೆಗೆದದ್ದು ಎಂದು ಕೇಳಲಿಲ್ಲ. ರಾತ್ರಿ ಹನ್ನೊಂದಕ್ಕೆ ಬಂದು ಸುರಿದು ಹೋದರು, ಆಗಲೂ ಕೇಳಲಿಲ್ಲ. ಬೆಲೆ ಕಡಿಮೆಯೆಂದು ಸಂತೋಷವಾಗಿತ್ತು.

ಮರಳಿನ ನೀರು ಹೋದ ಮೇಲೆ ಜನ ಬಂಡೆಯ ನೀರಿಗೆ ಇಳಿದರು. ನಮ್ಮ ನೆಲದಡಿ ಇರುವುದು ಗಟ್ಟಿ ಕಗ್ಗಲ್ಲು. ಅದರ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿಗೆ ಕಲ್ಲಿನೊಳಗಿನ ಫ್ಲೋರೈಡ್ ಕರಗಿ ಸೇರುತ್ತದೆ. ಮೇಲಿನ ಮರಳಿನ ನೀರು ಪ್ರತಿ ಮಳೆಗೆ ಹೊಸದಾಗುವುದರಿಂದ ಸಾಮಾನ್ಯವಾಗಿ ಅದರಲ್ಲಿ ಇದು ಕಡಿಮೆ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡ್ 1.5 ಮಿಲಿಗ್ರಾಂ ಮೀರಬಾರದು. ಮೀರಿದ ನೀರನ್ನು ಮಕ್ಕಳು ಕುಡಿದರೆ ಹೊಸದಾಗಿ ಬರುವ ಹಲ್ಲಿನ ಮೇಲೆ ಸುಣ್ಣದಂತಹ, ಆಮೇಲೆ ಕಂದು ಬಣ್ಣದ ಪಟ್ಟೆಗಳು ಮೂಡುತ್ತವೆ. ಇನ್ನೂ ಹೆಚ್ಚಾದ ನೀರನ್ನು ಹತ್ತಾರು ವರ್ಷ ಕುಡಿದವರಿಗೆ ಬೆನ್ನು, ಕುತ್ತಿಗೆ, ಮಂಡಿಗಳು ಬಿಗಿಯುತ್ತವೆ. ಅನಂತಪುರ ಸೀಮೆಯ ಈ ತೊಂದರೆ ಹೊಸದಲ್ಲ. 1995ರ ಸುಮಾರಿಗೆ ಶ್ರೀ ಸತ್ಯಸಾಯಿ ಕುಡಿಯುವ ನೀರಿನ ಯೋಜನೆಯ ಕೊಳಾಯಿಗಳು ನೂರಾರು ಹಳ್ಳಿಗಳಿಗೆ ಬಂದುದಕ್ಕೆ ಇದೂ ಒಂದು ಕಾರಣ.

ಒಂದು ತಪ್ಪು ತಿಳಿವಳಿಕೆ ತುಂಬ ಮನೆಗಳಲ್ಲಿದೆ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಕುದಿಸುವುದು ಭೇದಿ, ಕಾಮಾಲೆಯ ಕ್ರಿಮಿಗಳಿಗೆ ಮದ್ದು, ಇದಕ್ಕಲ್ಲ. ಕೊಳವೆ ಬಾವಿಯ ನೀರನ್ನು ಪರೀಕ್ಷೆ ಮಾಡಿಸಬೇಕು. ಹಾಲು, ಮಜ್ಜಿಗೆ, ರಾಗಿ, ನುಗ್ಗೆಸೊಪ್ಪು, ನೆಲ್ಲಿಕಾಯಿ ಊಟದಲ್ಲಿದ್ದರೆ ದೇಹ ಸ್ವಲ್ಪ ಮಟ್ಟಿಗೆ ತಡೆದುಕೊಳ್ಳುತ್ತದೆ. ದಿನಕ್ಕೆ ಏಳೆಂಟು ಲೋಟ ಕಡು ಚಹಾ ಕುಡಿಯುವವರು ಅದನ್ನು ತಗ್ಗಿಸಬೇಕು. ಚಹಾ ಎಲೆಯಲ್ಲಿಯೂ ಫ್ಲೋರೈಡ್ ಇದೆ.

ಹೊಳೆಯ ಹಾದಿಯಿಂದ ಹಲ್ಲಿನ ಪಟ್ಟೆಗೆ ಹೋದೆವಲ್ಲ ಎನ್ನಬೇಡಿ. ಹೊಳೆ ಮರಳು, ಬಾವಿ, ಮಗುವಿನ ಹಲ್ಲು ಒಂದೇ ಹಗ್ಗದ ಎಳೆಗಳು.

ಈಗ ಹಗರಿಯ ಕಡೆ ನೋಡಿ. ಅಲ್ಲಿ ಮರಳು ಇನ್ನೊಂದು ಬಗೆಯಲ್ಲಿ ಕಾಡುತ್ತಿದೆ. ಕಣೇಕಲ್ಲು, ಬೊಮ್ಮನಹಾಳ್ ಮಂಡಲಗಳಲ್ಲಿ ಒಣಗಿದ ಹಗರಿಯ ಮರಳು ಗಾಳಿಗೆ ಎದ್ದು ದಂಡೆಯ ಹೊಲಗಳ ಮೇಲೆ ದಿಬ್ಬ ದಿಬ್ಬವಾಗಿ ಕುಳಿತಿದೆ. ಕಡಲೆಕಾಯಿ ಬೆಳೆಯುತ್ತಿದ್ದ ನೆಲ ಇದರಿಂದ ಮರುಭೂಮಿಯಂತಾಗುತ್ತದೆ. ಹೊಳೆ ಹರಿಯುತ್ತಿದ್ದಾಗ ಮರಳು ನೆಂದು ಭಾರವಾಗಿ ಕೂತಿರುತ್ತಿತ್ತು. ದಡದ ಹುಲ್ಲು, ಈಚಲು, ಲಕ್ಕಿ ಪೊದೆಗಳು ಅದನ್ನು ಹಿಡಿದಿದ್ದವು. ನೀರು ನಿಂತಿತು, ಪೊದೆ ಸೌದೆಯಾಯಿತು, ಮುಂಗಾರಿನ ಪಡುವಣ ಗಾಳಿಗೆ ತಡೆಯಿಲ್ಲದಾಯಿತು. ಹೊಳೆದಂಡೆಯ ಹಸಿರು ಪಟ್ಟಿ ಪೇಟೆಯವರ ಕಣ್ಣಿನ ತಂಪಿಗೆ ಎಂದು ತಿಳಿದವರು ಒಮ್ಮೆ ಬೊಮ್ಮನಹಾಳಿಗೆ ಹೋಗಿಬರಬೇಕು. ಅಲ್ಲಿ ಅದು ಹೊಲದ ಬೇಲಿ. ಹಾಗಾದರೆ ಆ ಮರಳನ್ನೆಲ್ಲ ಲಾರಿಗೆ ತುಂಬಿ ಸಾಗಿಸಿದರಾಯಿತು ಎಂದು ಒಬ್ಬರು ನಮಗೆ ಹೇಳಿದ್ದುಂಟು. ಹೊಲಕ್ಕೆ ಬಂದು ಬಿದ್ದದ್ದನ್ನು, ಅನುಮತಿ ಪಡೆದು ತೆಗೆಯಲಿ, ಬೇಡವೆನ್ನುವುದಿಲ್ಲ. ಹೊಳೆಯೊಳಗಿನದನ್ನು ಬಗೆದರೆ ಗಾಳಿಯ ಕಾಟ ತೀರಿಸಲು ಹೋಗಿ ಬಾವಿಯ ಕಾಟ ತಂದುಕೊಂಡಂತೆ.

ಪ್ರವಾಹದ ಮಾತನ್ನೂ ಹೇಳಬೇಕು. ಬರದ ಸೀಮೆಗೆ ಪ್ರವಾಹವೇ ಎಂದು ನಗುತ್ತಿದ್ದ ಕಾಲ ಹೋಯಿತು. 2021ರ ನವೆಂಬರಿನಲ್ಲಿ ಚಿತ್ರಾವತಿ ಉಕ್ಕಿ, ನಡುಹೊಳೆಯಲ್ಲಿ ಸಿಕ್ಕಿದವರನ್ನು ಹೆಲಿಕಾಪ್ಟರಿನಲ್ಲಿ ಎತ್ತಬೇಕಾಯಿತು. 2022ರ ಅಕ್ಟೋಬರಿನಲ್ಲಿ ಅನಂತಪುರ ಪಟ್ಟಣದ ನಡಿಮಿವಂಕ ಉಕ್ಕಿ ಬಡಾವಣೆಗಳು ಮುಳುಗಿದವು. ಹಳ್ಳ ಎಷ್ಟೋ ವರ್ಷ ಸುಮ್ಮನಿತ್ತೆಂದು ಅದರ ಅಂಚಿಗೆ ಮನೆ ಕಟ್ಟುತ್ತಾ ಬಂದರೆ, ಅದು ಒಂದು ರಾತ್ರಿ ತನ್ನ ಜಾಗ ಕೇಳಲು ಬರುತ್ತದೆ. ದಡದಲ್ಲಿ ಹಸಿರು ಪಟ್ಟಿಯಿದ್ದರೆ ಅಂತಹ ನೀರು ಹರಡಿಕೊಂಡು ನಿಧಾನವಾಗುತ್ತದೆ. ಹುಲ್ಲಿನ ಮೇಲೆ ನಾಲ್ಕು ದಿನ ನೀರು ನಿಂತರೆ ಯಾರಿಗೂ ನಷ್ಟವಿಲ್ಲ. ಹಿಂದೂಪುರದ ಜನಸಂಖ್ಯೆ 2011ರ ಗಣತಿಯಲ್ಲಿಯೇ ಒಂದೂವರೆ ಲಕ್ಷ ದಾಟಿತ್ತು. ಊರು ಹೊಳೆಯ ಕಡೆಗೂ ಬೆಳೆಯುತ್ತಿದೆ. ನಿವೇಶನದ ಕಲ್ಲುಗಳು ನೆಟ್ಟ ಮೇಲೆ ಪಟ್ಟಿ ಬಿಡಿ ಎಂದರೆ ಯಾರು ಬಿಡುತ್ತಾರೆ?

ಇನ್ನು ಜಗಲಿಯಲ್ಲಿ ಆ ಹಿರಿಯರು ಹೇಳಿದ ಅಂಜಿಕೆ. ಅದಕ್ಕೆ ಆಧಾರವಿದೆ.

ಗುಜರಾತಿನ ಅಹಮದಾಬಾದಿನಲ್ಲಿ ಸಾಬರಮತಿಯ ಎರಡೂ ದಡಗಳಲ್ಲಿ ಹತ್ತು ಕಿ.ಮೀ.ಗೂ ಮಿಕ್ಕಿ ವಿಹಾರದ ಹಾದಿ ಮಾಡಿ 2012ರಲ್ಲಿ ಜನರಿಗೆ ತೆರೆದರು. ಚಿತ್ರದಲ್ಲಿ ನೋಡಲು ಬಲು ಚೆಂದ. ಆದರೆ ಅಲ್ಲಿ ದಡವೆಂದರೆ ಕಾಂಕ್ರೀಟು ಗೋಡೆ. ಎರಡು ಗೋಡೆಗಳ ನಡುವೆ ತುಂಬಿರುವುದು ನರ್ಮದಾ ಕಾಲುವೆಯಿಂದ ತಂದ ನೀರು. ದಡದಲ್ಲಿ ವಾಸವಾಗಿದ್ದ ಸಾವಿರಾರು ಬಡ ಕುಟುಂಬಗಳನ್ನು ಅಲ್ಲಿಂದ ಎಬ್ಬಿಸಲಾಯಿತು. ಕೊರಿಯ ದೇಶದ ಸಿಯೋಲ್ ನಗರದಲ್ಲಿ ಮೇಲ್ಸೇತುವೆಯನ್ನೇ ಒಡೆದು, ಅದರಡಿ ಮುಚ್ಚಿಹೋಗಿದ್ದ ಹಳ್ಳವನ್ನು 2005ರಲ್ಲಿ 5.8 ಕಿ.ಮೀ. ಉದ್ದಕ್ಕೆ ಮತ್ತೆ ತೆರೆದರು, ಮೆಚ್ಚತಕ್ಕ ಧೈರ್ಯ. ಅಲ್ಲಿಯೂ ಹರಿಯುವ ನೀರಿನ ಬಹುಪಾಲು ಪಂಪಿನಿಂದ ಎತ್ತಿ ಬಿಟ್ಟದ್ದು. ನರ್ಮದೆ ಇದ್ದವರಿಗೆ, ಕರೆಂಟಿನ ಬಿಲ್ಲು ಕಟ್ಟಬಲ್ಲವರಿಗೆ ಅದು ನಡೆಯುತ್ತದೆ. ಹಂದ್ರಿ–ನೀವಾ ಕಾಲುವೆಯಲ್ಲಿ ಕೃಷ್ಣೆಯ ನೀರು ನಮ್ಮ ಕೆರೆಗೆ ಎಂದು ಬಂದೀತೆಂದು ದಾರಿ ಕಾಯುವ ನಾವು ಆ ನೀರನ್ನು ನೋಟಕ್ಕಾಗಿ ಹೊಳೆಯಲ್ಲಿ ನಿಲ್ಲಿಸುವುದುಂಟೆ?

ದೆಹಲಿಯ ಸಂಗತಿ ರೈತರಿಗೆ ಇನ್ನೂ ಹತ್ತಿರದ್ದು. ಯಮುನೆಯ ನೆರೆಬಯಲಿನಲ್ಲಿ ತಲೆಮಾರುಗಳಿಂದ ತರಕಾರಿ ಬೆಳೆಯುತ್ತಿದ್ದವರಿದ್ದರು. ನದಿಯ ನೀರು ಕೊಳೆತು ವಿಷವಾದ ಮೇಲೆ, ಅದರಲ್ಲಿ ಬೆಳೆದದ್ದನ್ನು ತಿನ್ನುವುದು ಅಪಾಯವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಅಲ್ಲಿ ಆಹಾರ ಬೆಳೆಯನ್ನೇ ನಿಷೇಧಿಸಿತು. ತಿನ್ನುವವರ ಆರೋಗ್ಯ ನೋಡಿದರೆ ಆ ಮಾತು ತಪ್ಪಲ್ಲ. ಆದರೆ ನೀರನ್ನು ಕೆಡಿಸಿದ್ದು ಪಟ್ಟಣ. ಹೊಲ ಬಿಡಬೇಕಾದದ್ದು ರೈತ. ಅದೇ ಬಯಲಿನ ಇನ್ನೊಂದು ಭಾಗದಲ್ಲಿ ದೇಸೀ ಹುಲ್ಲು, ಜೌಗುಗಳನ್ನು ಮತ್ತೆ ಬೆಳೆಸಿ ಜೀವವೈವಿಧ್ಯ ಉದ್ಯಾನ ಮಾಡಿದ್ದಾರೆ. ಅದು ನಿಜಕ್ಕೂ ಒಳ್ಳೆಯ ಕೆಲಸವೇ. ಎರಡೂ ಒಂದೇ ನದಿಯ ದಡದಲ್ಲಿ ನಡೆದವು.

ನಮ್ಮ ಹುಡುಗ ಹೇಳಿದ ಬೆಂಗಳೂರಿನ ಹಾದಿಗೆ ಕೆ-100 ಎಂದು ಹೆಸರು. ಮೆಜೆಸ್ಟಿಕ್ ಕಡೆಯಿಂದ ಶಾಂತಿನಗರದ ಮೂಲಕ ಬೆಳ್ಳಂದೂರು ಕೆರೆಯ ಕಡೆಗೆ ಹೋಗುವ ಕೋರಮಂಗಲ ಕಣಿವೆಯ ರಾಜಕಾಲುವೆಯದು. ಇಂದಿನ ಕೆಂಪೇಗೌಡ ಬಸ್ ನಿಲ್ದಾಣವಿರುವುದು ಒಂದು ಕಾಲದ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಎಂಬುದನ್ನು ಬಸ್ಸಿಗೆ ಕಾಯುವವರು ಎಷ್ಟು ಮಂದಿ ಬಲ್ಲರೋ! ಆ ಕಾಲುವೆಯನ್ನು ಚೊಕ್ಕಟ ಮಾಡುವ ಕೆಲಸವನ್ನು ಆಗಿನ ಮಹಾನಗರ ಪಾಲಿಕೆ 2021ರಲ್ಲಿ ಕೈಗೆತ್ತಿಕೊಂಡಿತು. ದಡದಲ್ಲಿ ಗಿಡ ನೆಡುವುದು, ಕಲ್ಲು ಹಾಸುವುದು ಕಷ್ಟವಲ್ಲ. ಕಾಲುವೆಗೆ ಮನೆಮನೆಯಿಂದ ಬಂದು ಬೀಳುವ ಕೊಳಚೆಯನ್ನು ಬೇರೆ ಕೊಳವೆಗೆ ತಿರುಗಿಸುವುದೇ ಕಷ್ಟ. ಒಂದು ಮನೆಯ ಕೊಳವೆ ತಪ್ಪಿದರೂ ಮೂಗು ಮುಚ್ಚಿಕೊಂಡು ನಡೆಯಬೇಕು. ಬೆಂಗಳೂರಿನಿಂದ ಕಲಿಯಬೇಕಾದುದು ಇದನ್ನೇ. ನಮ್ಮ ಪಟ್ಟಣದ ಚರಂಡಿಗಳು, ಕಾರ್ಖಾನೆಗಳ ನೀರು ಎಲ್ಲಿಗೆ ಹೋಗಿ ಸೇರುತ್ತವೆ ಎಂಬುದನ್ನು ಕೇಳದೆ ಹೊಳೆದಂಡೆಯಲ್ಲಿ ಬೆಂಚು ಹಾಕಿಸಿ ಫಲವಿಲ್ಲ.

ಆದುದರಿಂದ ನಮ್ಮ ಅಭಿಪ್ರಾಯ ಹೀಗೆ. ಹಾದಿ ಬರಲಿ, ರೈತನ ಹೊಲದ ಮೇಲೆ ಬೇಡ. ಹೊಳೆಯ ಪಾತ್ರ, ಅದಕ್ಕೆ ಹತ್ತಿದ ಪೊರಂಬೋಕು ಸರ್ಕಾರದ್ದು. ಪಟ್ಟಾ ಇರುವ ನೆಲ ರೈತನದು. ಗಡಿ ಎಲ್ಲಿದೆ ಎಂಬುದು ಸರ್ವೆ ನಕ್ಷೆಯಲ್ಲಿ ಇರುತ್ತದೆ. ದಂಡೆಯಲ್ಲಿ ಹೊಲ ಇರುವವರು ತಮ್ಮ ಸರ್ವೆ ನಂಬರಿನ ನಕ್ಷೆಯ ಪ್ರತಿಯನ್ನು ಇಂದೇ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಹಾದಿ ಬರಲಿ ಬಿಡಲಿ, ಅದು ಕೆಲಸಕ್ಕೆ ಬರುತ್ತದೆ. ಪಟ್ಟಾ ಭೂಮಿಯನ್ನು ಯಾವ ಕಾರಣಕ್ಕೇ ಆಗಲಿ ಸ್ವಾಧೀನಕ್ಕೆ ತೆಗೆದುಕೊಂಡರೆ 2013ರ ಭೂಸ್ವಾಧೀನ ಕಾಯಿದೆಯಂತೆ ಪರಿಹಾರವೂ ಪುನರ್ವಸತಿಯೂ ಸಲ್ಲಬೇಕು. ನಮ್ಮವರಲ್ಲಿ ಕೆಲವರು ಪೊರಂಬೋಕಿನಲ್ಲಿ ಹತ್ತಾರು ವರ್ಷದಿಂದ ಉಳುತ್ತಿರುವುದೂ ಉಂಟು. ಅಂಥವರು ಬಾಯಿ ಮುಚ್ಚಿ ಕುಳಿತುಕೊಳ್ಳುವುದರ ಬದಲು ಗ್ರಾಮಸಭೆಯಲ್ಲಿ ಮೊದಲೇ ಮಾತೆತ್ತಬೇಕು. ದಡದ ಮರಗಳನ್ನು ಅವರೇ ಕಾಯಲಿ, ಕಾಯಿ, ಸೊಪ್ಪು, ಹುಲ್ಲಿನ ಹಕ್ಕು ಅವರಿಗೇ ಇರಲಿ ಎಂದು ಕೇಳುವುದರಲ್ಲಿ ಅನ್ಯಾಯವೇನೂ ಇಲ್ಲ. ಮರಳಿನ ವಿಷಯಕ್ಕೆ 2002ರ ಆಂಧ್ರಪ್ರದೇಶ ನೀರು, ಭೂಮಿ ಮತ್ತು ವೃಕ್ಷಗಳ ಕಾಯಿದೆ ಇದೆ. ಜನ ಅದನ್ನು ವಾಲ್ಟಾ ಎನ್ನುತ್ತಾರೆ. ಮರಳು ತೆಗೆಯುವುದರಿಂದ ನೆಲದ ನೀರಿಗೆ ಧಕ್ಕೆಯಾಗುವ ಕಡೆ ಅದನ್ನು ತಡೆಯಲು ಅದರಲ್ಲಿ ಅವಕಾಶವಿದೆ. ದೂರನ್ನು ಒಬ್ಬರೇ ಕೊಡಲು ಹೋಗಬೇಡಿ. ಹತ್ತು ಮನೆಯವರು ಸಹಿ ಹಾಕಿ, ಕೊಟ್ಟದ್ದಕ್ಕೆ ರಶೀದಿ ಪಡೆಯಿರಿ.

ಹಾದಿ ಮಣ್ಣಿನದಾಗಿರಲಿ, ಎಂಟು ಅಡಿ ಸಾಕು. ಅದರ ಬಾಯಿಯಲ್ಲಿ ಕಲ್ಲುಕಂಬ ನೆಡಬೇಕು. ಆಳು, ಸೈಕಲ್ಲು, ದನ ತೂರಬೇಕು, ಟ್ರ್ಯಾಕ್ಟರ್ ತೂರಬಾರದು. ಇಲ್ಲವಾದರೆ ನಡೆಯುವವರ ಹಾದಿಯೇ ಮರಳಿನವರ ಹೆದ್ದಾರಿಯಾಗುತ್ತದೆ. ದನಗಳು ನೀರಿಗೆ ಇಳಿಯುವ ಹಳೆಯ ಜಾಡುಗಳನ್ನು ಮುಚ್ಚಬಾರದು.

ಗಿಡಗಳ ವಿಚಾರದಲ್ಲಿ ಅಂದದ ಗಿಡಗಳ ಆಸೆ ಬೇಡ. ನೀರಿನ ಅಂಚಿಗೆ ಲಾವಂಚ ಮತ್ತು ಜೊಂಡು. ಲಾವಂಚದ ಬೇರು ಆಳಕ್ಕಿಳಿದು ದಡ ಕುಸಿಯದಂತೆ ಹಿಡಿಯುತ್ತದೆ. ಅದರ ಮೇಲಿನ ಇಳಿಜಾರಿಗೆ ಹೊಂಗೆ, ಹೊಳೆಮತ್ತಿ, ನೇರಳೆ, ಅತ್ತಿ, ಈಚಲು. ದಿಬ್ಬದ ಮೇಲೆ ಬೇವು, ಹುಣಸೆ. ಹೊಂಗೆಯಂತೂ ರೈತನ ಮನೆಯ ಮರ; ಸೊಪ್ಪು ಗೊಬ್ಬರವಾಗುತ್ತದೆ, ಬೀಜ ಎಣ್ಣೆಯಾಗುತ್ತದೆ, ಹಿಂಡಿ ಮತ್ತೆ ಗೊಬ್ಬರವಾಗುತ್ತದೆ. ನೀಲಗಿರಿಯನ್ನು ಹೊಳೆಯ ಹತ್ತಿರಕ್ಕೂ ತರಬೇಡಿ. ಬಳ್ಳಾರಿ ಜಾಲಿ ಈಗಾಗಲೇ ಹೊಳೆಯ ಪಾತ್ರವನ್ನು ನುಂಗಿ ಕೂತಿದೆ. ಅದನ್ನು ನೆಲಮಟ್ಟಕ್ಕೆ ಕಡಿದರೆ ಮತ್ತೆ ಚಿಗುರುತ್ತದೆ. ಬೇರಿನ ಬುಡ ಸಹಿತ ಕೀಳಬೇಕು. ಒಂದೇ ಸಲ ಎಲ್ಲವನ್ನೂ ಕಿತ್ತು ದಡವನ್ನು ಬೋಳು ಮಾಡಿದರೆ ಹಗರಿಯ ಕಡೆ ಮರಳು ಏಳುತ್ತದೆ. ತುಂಡು ತುಂಡಾಗಿ ಕೀಳುತ್ತಾ, ಕಿತ್ತ ಕಡೆ ನೆಡುತ್ತಾ ಹೋಗುವುದೇ ದಾರಿ.

ರೇಷ್ಮೆ ಸಾಕುವವರಿಗೆ ಒಂದು ಮಾತು. ಹಿಂದೂಪುರದ ಗೂಡಿನ ಮಾರುಕಟ್ಟೆಗೆ ಗೂಡು ಹಾಕುವ ಮನೆಗಳು ನಮ್ಮಲ್ಲಿ ಸಾಕಷ್ಟಿವೆ. ವಿಹಾರದ ಜಾಗವೆಂದ ಮೇಲೆ ಸೊಳ್ಳೆಗೆ ಹೊಗೆ ಬಿಡುವುದು, ಗಿಡಗಳಿಗೆ ಕೀಟನಾಶಕ ಹೊಡೆಯುವುದು ಬಂದೇ ಬರುತ್ತದೆ. ಆ ಔಷಧ ಗಾಳಿಯಲ್ಲಿ ತೇಲಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕುಳಿತರೆ ಅದನ್ನು ತಿಂದ ಹುಳು ಸಾಯುತ್ತದೆ. ಹಿಪ್ಪುನೇರಳೆ ತೋಟಗಳಿರುವ ಕಡೆ ಹಾದಿಯ ಉದ್ದಕ್ಕೂ ಯಾವ ಕೀಟನಾಶಕವೂ ಕೂಡದೆಂಬ ಷರತ್ತನ್ನು ಮೊದಲ ಸಭೆಯಲ್ಲಿಯೇ ಬರೆಸಿಕೊಳ್ಳಬೇಕು.

ಹೊಲದಲ್ಲಿ ನಡೆಯುವುದು ಸಾಲದೇ ಎಂಬ ಪ್ರಶ್ನೆ ಉಳಿಯಿತು. ನೇಗಿಲ ಹಿಂದೆ ನಡೆಯುತ್ತಿದ್ದ ಕಾಲಕ್ಕೆ ಸಾಕಾಗಿತ್ತು. ಈಗ ಉಳುವುದು ಟ್ರ್ಯಾಕ್ಟರು, ಹೊಲಕ್ಕೆ ಹೋಗುವುದು ಮೋಟಾರ್ ಸೈಕಲ್ಲು, ನೀರು ಬಿಡುವುದು ಸ್ಟಾರ್ಟರ್. ನೂಲು ಬಿಚ್ಚುವ ಹೆಂಗಸರು ಬಿಸಿನೀರಿನ ಆವಿಯ ಮುಂದೆ ದಿನವಿಡೀ ಒಂದೇ ಭಂಗಿಯಲ್ಲಿ ಇರುತ್ತಾರೆ. ಸಕ್ಕರೆ ಕಾಯಿಲೆ, ಬಿ.ಪಿ. ಪೇಟೆಯವರ ಕಾಯಿಲೆ ಎಂಬ ಮಾತು ಹಳೆಯದಾಯಿತು. ನಮ್ಮ ಧರ್ಮಕೇಂದ್ರದ ಹಳ್ಳಿಮನೆಗಳಲ್ಲಿಯೇ ಮಾತ್ರೆಯ ಡಬ್ಬಿಗಳನ್ನು ನಾವು ನೋಡುತ್ತಿದ್ದೇವೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಇಂತಹ ಶ್ರಮ ಬೇಕೆನ್ನುತ್ತದೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ಮಾತನಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು, ಅಷ್ಟು ಬಿರುಸು. ಗಂಡಸರಿಗೆ ನಡೆಯಲು ರಸ್ತೆ ಇದೆ. ಹೆಂಗಸರಿಗೆ ಲಾರಿ, ನಾಯಿ, ನೋಡುವವರ ಕಣ್ಣು ಇವುಗಳ ಕಾಟವಿಲ್ಲದ ಜಾಗ ಎಲ್ಲಿದೆ? ನಾಲ್ಕು ಜನ ಕೂಡಿ ಹೋಗಬಹುದಾದ ಹೊಳೆದಂಡೆ ಅವರಿಗೆ ದೊಡ್ಡ ಉಪಕಾರ. ಮಂಡಿ ಬಿಗಿದವರು ಸಮತಟ್ಟಾದ ಮಣ್ಣಿನ ಮೇಲೆ ನಿಧಾನವಾಗಿ ನಡೆಯಲಿ. ಸಕ್ಕರೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ದೂರ ಹೋಗಬಾರದು, ಬರಿಗಾಲಲ್ಲಂತೂ ಕೂಡದು. ಮುಳ್ಳು ಚುಚ್ಚಿದ್ದು ಗೊತ್ತಾಗದೆ ಗಾಯ ಕೊಳೆಯುತ್ತದೆ. ಕತ್ತಲಾದ ಮೇಲೆ ಹೊಳೆದಂಡೆ ಹಾವುಗಳದು, ಅದನ್ನು ಅವಕ್ಕೇ ಬಿಡಿ.

ಯೋಜನೆ ಯಾವಾಗ ಬರುತ್ತದೋ, ಬರುವುದೇ ಇಲ್ಲವೋ. ಗಿಡಗಳಿಗೆ ಅದಕ್ಕಾಗಿ ಕಾಯಬೇಕಾಗಿಲ್ಲ. ಹೊಂಗೆಯ ಕಾಯಿ ಬೇಸಿಗೆಯಲ್ಲಿ ಒಣಗಿ ಸಿಗುತ್ತದೆ. ಬಿಡಿಸಿದ ಬೀಜವನ್ನು ನೆರಳಿನಲ್ಲಿ ಇಟ್ಟರೆ ಕೆಲವು ತಿಂಗಳು ಕೆಡದು. ಬೇವಿನ ಹಣ್ಣು ಮುಂಗಾರಿನ ಹೊತ್ತಿಗೆ ಉದುರುತ್ತದೆ. ತೊಳೆದು ಎರಡು ಮೂರು ವಾರದೊಳಗೆ ಬಿತ್ತಬೇಕು. ನೇರಳೆಯದು ಇನ್ನೂ ಅವಸರ, ಹಣ್ಣು ತಿಂದ ವಾರದಲ್ಲಿಯೇ ಬೀಜ ಮಣ್ಣಿಗೆ ಬೀಳಬೇಕು, ಒಣಗಿದರೆ ಮೊಳೆಯುವುದಿಲ್ಲ. ಹಾಲಿನ ಖಾಲಿ ಪ್ಯಾಕೆಟ್ಟುಗಳನ್ನು ತೊಳೆದು, ಅಡಿಯಲ್ಲಿ ತೂತು ಮಾಡಿ, ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಗೊಬ್ಬರ ತುಂಬಿ ಇಟ್ಟುಕೊಳ್ಳಿ. ಮರಳು ಕಾಂಪೌಂಡಿನ ಮೂಲೆಯಲ್ಲಿ ಇನ್ನೂ ಅರ್ಧ ಗಾಡಿಯಷ್ಟು ಉಳಿದಿದೆ. ಬಂದು ತೆಗೆದುಕೊಂಡು ಹೋಗಿ.